ಬಿನೋದಿನಿ ದಾಸಿ: ರಂಗಮಂದಿರಕ್ಕೆ ಇಡದೆ ಹೋದ ಹೆಸರು

ಕಲ್ಕತ್ತೆಯ ಬೀಡನ್ ಸ್ಟ್ರೀಟಿನಲ್ಲಿ 1883ರ ಜುಲೈ 21ರಂದು ಹೊಸದೊಂದು ನಾಟಕಶಾಲೆ ಬಾಗಿಲು ತೆರೆಯಿತು. ಅದರ ಹೆಸರು ಸ್ಟಾರ್ ಥಿಯೇಟರ್. ಮೊದಲ ದಿನದ ಆಟ ‘ದಕ್ಷಯಜ್ಞ’. ಅದರಲ್ಲಿ ಸತಿಯ ಪಾತ್ರ ಮಾಡಿದ ಬಿನೋದಿನಿಗೆ ಆಗ ಸುಮಾರು ಇಪ್ಪತ್ತು ವರ್ಷ. ಆ ಕಟ್ಟಡಕ್ಕೆ ತನ್ನ ಹೆಸರನ್ನೇ ಇಡುತ್ತಾರೆಂದು, ನೋಂದಣಿಯ ಕಾಗದ ಕೈಗೆ ಬರುವವರೆಗೂ ಆಕೆ ನಂಬಿದ್ದರು. ಹಾಗಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ಸುಮಾರು ಮೂವತ್ತು ವರ್ಷದ ನಂತರ ಆಕೆಯೇ ಬರೆದಿಟ್ಟರು. ಆ ಪುಸ್ತಕವೇ ‘ಆಮಾರ್ ಕಥಾ’, ಅಂದರೆ ‘ನನ್ನ ಕಥೆ’. 1912ರಲ್ಲಿ ಪ್ರಕಟವಾದ ಇದು ಭಾರತೀಯ ನಟಿಯೊಬ್ಬರು ಬರೆದ ಮೊದಮೊದಲ ಆತ್ಮಕಥೆಗಳಲ್ಲಿ ಒಂದು.

ನಮ್ಮ ಕಾಲೇಜಿನ ವಾರ್ಷಿಕೋತ್ಸವದ ನಾಟಕಕ್ಕೆ ಪಾತ್ರ ಹಂಚುವಾಗ ಎಷ್ಟು ಮುನಿಸು, ಎಷ್ಟು ಗುಸುಗುಸು ಇರುತ್ತದೆಂಬುದು ನಿಮಗೆ ಗೊತ್ತಿದ್ದದ್ದೇ. ಮುಂದಿನ ವಾರ ಅದೆಲ್ಲ ಮರೆತೂ ಹೋಗುತ್ತದೆ. ಹೊಟ್ಟೆಪಾಡೇ ನಾಟಕವಾದವರ ನಡುವಿನ ಜಗಳ ಹಾಗೆ ಮರೆಯುವಂಥದ್ದಲ್ಲ.

ಬಿನೋದಿನಿ ಹುಟ್ಟಿದ್ದು 1863ರ ಸುಮಾರಿಗೆ, ಕಲ್ಕತ್ತೆಯ ಕಾರ್ನ್‌ವಾಲಿಸ್ ಸ್ಟ್ರೀಟಿನ ಒಂದು ಬಡ ಮನೆಯಲ್ಲಿ. ಅಜ್ಜಿ, ತಾಯಿ, ಪುಟ್ಟ ತಮ್ಮ. ತಂದೆಯ ಹೆಸರು ಹೇಳಿಕೊಳ್ಳುವ ಸ್ಥಿತಿ ಇರಲಿಲ್ಲ. ಇದ್ದ ಹರಕು ಮನೆಯ ಒಂದೆರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ದಿನ ತಳ್ಳುತ್ತಿದ್ದರು. ತಮ್ಮನಿಗೆ ಐದು ವರ್ಷಕ್ಕೇ ಮದುವೆ ಮಾಡಿದರು. ಹೆಣ್ಣಿನ ಕಡೆಯಿಂದ ಬಂದ ಒಂದಿಷ್ಟು ಒಡವೆಯೇ ಅದಕ್ಕೆ ಕಾರಣ. ಆ ಒಡವೆಯನ್ನು ಮಾರಿ ಮನೆಯವರು ಕೆಲವು ದಿನ ಉಂಡರು. ತಮ್ಮ ಹೆಚ್ಚು ಕಾಲ ಬದುಕಲಿಲ್ಲ. ಬಿನೋದಿನಿಗೂ ಎಳೆಯ ವಯಸ್ಸಿನಲ್ಲೇ ಒಂದು ಮದುವೆಯಾಗಿತ್ತಂತೆ. ಗಂಡನಾದ ಹುಡುಗನನ್ನು ಅವನ ಕಡೆಯವರು ಕರೆದುಕೊಂಡು ಹೋದರು, ಅಲ್ಲಿಗೆ ಅದು ಮುಗಿಯಿತು.

ಬಾಡಿಗೆಗೆ ಬಂದವರಲ್ಲಿ ಗಂಗಾಬಾಯಿ ಎಂಬ ಗಾಯಕಿ ಇದ್ದರು. ಹುಡುಗಿ ಅವರ ಹತ್ತಿರ ಹಾಡು ಕಲಿತಳು. ಅವರ ಕೋಣೆಗೆ ಬಂದುಹೋಗುತ್ತಿದ್ದ ನಾಟಕದವರ ಕಣ್ಣಿಗೆ ಬಿದ್ದಳು. 1874ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ತಿಂಗಳಿಗೆ ಹತ್ತು ರೂಪಾಯಿ ಸಂಬಳಕ್ಕೆ ಗ್ರೇಟ್ ನ್ಯಾಷನಲ್ ಥಿಯೇಟರಿಗೆ ಸೇರಿದಳು. ಮೊದಲು ಸಿಕ್ಕಿದ್ದು ದ್ರೌಪದಿಯ ಸಖಿಯ ಪಾತ್ರ, ಒಂದೆರಡು ಮಾತಿನದು. ದೀಪಗಳ ಝಗಝಗ ಬೆಳಕು, ಎದುರಿಗೆ ಕುಳಿತ ಜನ ಇವನ್ನೆಲ್ಲ ಕಂಡು ಕೈಕಾಲು ನಡುಗಿದ್ದನ್ನು ಆಕೆ ಮುಪ್ಪಿನಲ್ಲೂ ಮರೆತಿರಲಿಲ್ಲ.

ಆ ಕಾಲ ಎಂಥದ್ದೆಂದು ಇಲ್ಲಿ ಸ್ವಲ್ಪ ಹೇಳಬೇಕು. ಬಂಗಾಳಿ ರಂಗದ ಮೇಲೆ ಅಲ್ಲಿಯವರೆಗೆ ಹೆಣ್ಣಿನ ಪಾತ್ರಗಳನ್ನು ಹೆಚ್ಚಾಗಿ ಹುಡುಗರೇ ಮಾಡುತ್ತಿದ್ದರು. ನಮ್ಮ ಕಂಪನಿ ನಾಟಕಗಳಲ್ಲಿಯೂ ಬಹುಕಾಲ ಹಾಗೆಯೇ ಇತ್ತು. ಕವಿ ಮೈಕೇಲ್ ಮಧುಸೂದನ ದತ್ತರ ಸಲಹೆಯಂತೆ 1873ರಲ್ಲಿ ಬೆಂಗಾಲ್ ಥಿಯೇಟರಿನವರು ಹೆಂಗಸರನ್ನು ರಂಗಕ್ಕೆ ತಂದರು. ವಿಧವಾ ವಿವಾಹಕ್ಕಾಗಿ ಹೋರಾಡಿದ ಈಶ್ವರಚಂದ್ರ ವಿದ್ಯಾಸಾಗರರಂಥವರೇ ಇದನ್ನು ಒಪ್ಪದೆ ಆ ನಾಟಕಶಾಲೆಯ ಸಹವಾಸ ಬಿಟ್ಟರು. ಮನೆತನಸ್ಥ ಹೆಂಗಸರು ರಂಗದ ಕಡೆ ತಲೆ ಹಾಕುವಂತಿರಲಿಲ್ಲ. ಹಾಗಾಗಿ ಬಂದವರೆಲ್ಲ ಸಮಾಜ ಮೊದಲೇ ಹೊರಗಿಟ್ಟಿದ್ದ ಓಣಿಗಳ ಹೆಣ್ಣುಮಕ್ಕಳು. ಅವರ ಹಾಡಿಗೆ ಚಪ್ಪಾಳೆ ಇತ್ತು. ಆಟ ಮುಗಿದ ಮೇಲೆ ಯಾರ ಮನೆಯ ಪಡಸಾಲೆಯಲ್ಲೂ ಅವರಿಗೆ ಜಾಗವಿರಲಿಲ್ಲ. ಸಂಬಳವೂ ಕಡಿಮೆ. ಯಾರಾದರೂ ಸಿರಿವಂತರ ಆಶ್ರಯದಲ್ಲಿ ಬದುಕುವುದು ಅವರಿಗೆ ಹಣೆಬರಹದಂತಾಗಿತ್ತು. ಬಿನೋದಿನಿ ಇದನ್ನು ಮುಚ್ಚಿಡದೆ ಬರೆದಿದ್ದಾರೆ.

ಗ್ರೇಟ್ ನ್ಯಾಷನಲ್ ಕಂಪನಿ 1875ರಲ್ಲಿ ಉತ್ತರ ಭಾರತದ ಪ್ರವಾಸ ಹೊರಟಿತು. ದೆಹಲಿ, ಲಾಹೋರ್, ಲಖನೌ. ಲಖನೌದಲ್ಲಿ ದೀನಬಂಧು ಮಿತ್ರರ ‘ನೀಲದರ್ಪಣ’ ಆಡಿದರು. ಇಂಡಿಗೋ ತೋಟದ ಬಿಳಿಯರು ರೈತರನ್ನು ಹಿಂಸಿಸಿದ ಕಥೆ ಅದು. ನೋಡಲು ಬಂದವರಲ್ಲಿ ಬಿಳಿಯರೂ ಬಹಳ ಮಂದಿ. ಹೆಣ್ಣೊಬ್ಬಳ ಮಾನಕ್ಕೆ ಕೈಹಾಕಿದ ಸಾಹೇಬನನ್ನು ತೋರಾಪ್ ಎಂಬ ಮುಸ್ಲಿಂ ರೈತ ಹಿಡಿದು ಬಡಿಯುವ ದೃಶ್ಯ ಬಂದಾಗ ಕೆಲವು ಬಿಳಿಯರು ರೊಚ್ಚಿಗೆದ್ದು ರಂಗದ ಮೇಲೇ ಏರಿಬಂದರು. ಕತ್ತಿ ಹಿರಿದವರೂ ಇದ್ದರು. ಒಳಗೆ ನಟಿಯರ ಅಳು, ಓಟ. ಸಿಪಾಯಿಗಳು ಬಂದು ಗಲಾಟೆ ಅಡಗಿಸಬೇಕಾಯಿತು. ಆಟ ಅಲ್ಲಿಗೇ ನಿಂತಿತು, ಕಂಪನಿ ಗಂಟುಮೂಟೆ ಕಟ್ಟಿತು. ಸರಳತೆಯ ಪಾತ್ರದಲ್ಲಿದ್ದ ಹನ್ನೆರಡರ ಹುಡುಗಿ ಇದನ್ನೆಲ್ಲ ಒಳಗಿನಿಂದ ಕಂಡಳು. ನಾಟಕಕ್ಕೆ ಎಂಥ ಶಕ್ತಿ ಇದೆ ಎಂದು ಆ ರಾತ್ರಿಯೇ ಅವಳಿಗೆ ಹೊಳೆದಿರಬೇಕು ಎಂಬುದು ನನ್ನ ಊಹೆ. ಆಕೆ ಬರೆದಿರುವುದು ಮಾತ್ರ ತಾವೆಲ್ಲ ಎಷ್ಟು ಹೆದರಿದ್ದೆವು ಎಂಬುದನ್ನು.

ಅಲ್ಲಿಂದ ಬೆಂಗಾಲ್ ಥಿಯೇಟರ್. ಅಲ್ಲಿ ಬಂಕಿಮಚಂದ್ರರ ಕಾದಂಬರಿಗಳನ್ನು ನಾಟಕ ಮಾಡಿದಾಗ ಬಿನೋದಿನಿ ದೊಡ್ಡ ಪಾತ್ರಗಳಿಗೆ ಬಂದರು. ‘ಮೃಣಾಲಿನಿ’ಯ ಮನೋರಮೆಯಾಗಿ ಆಕೆಯನ್ನು ನೋಡಿ ಬಂಕಿಮರೇ ಮೆಚ್ಚಿದರು. ‘ದುರ್ಗೇಶನಂದಿನಿ’ಯಲ್ಲಿ ನವಾಬನ ಮಗಳು ಆಯೇಷಾ ಮತ್ತು ರಜಪೂತ ಕನ್ಯೆ ತಿಲೋತ್ತಮೆ ಎರಡೂ ಪಾತ್ರಗಳನ್ನು ಆಕೆ ಮಾಡುತ್ತಿದ್ದರು. ಒಂದು ಸಲ ಎರಡನ್ನೂ ಒಂದೇ ರಾತ್ರಿ ಮಾಡಬೇಕಾಯಿತು. ಮೇಘನಾದವಧ ಕಾವ್ಯವನ್ನು ರಂಗಕ್ಕೆ ತಂದಾಗಲಂತೂ ಒಂದೇ ಆಟದಲ್ಲಿ ಏಳು ಪಾತ್ರ. ಬಣ್ಣ ಬದಲಿಸಿ, ಉಡುಗೆ ಬದಲಿಸಿ ಬಂದರೆ ಹಿಂದಿನ ದೃಶ್ಯದಲ್ಲಿ ಇದ್ದದ್ದು ಈಕೆಯೇ ಎಂದು ಜನಕ್ಕೆ ಗೊತ್ತಾಗುತ್ತಿರಲಿಲ್ಲವಂತೆ.

1877ರಲ್ಲಿ ಆಕೆಯನ್ನು ನ್ಯಾಷನಲ್ ಥಿಯೇಟರಿಗೆ ಕರೆದೊಯ್ದವರು ಗಿರೀಶ್‌ಚಂದ್ರ ಘೋಷ್. ನಾಟಕಕಾರ, ನಟ, ನಿರ್ದೇಶಕ, ಬಂಗಾಳಿ ವೃತ್ತಿರಂಗಭೂಮಿಯ ಅತಿ ದೊಡ್ಡ ಹೆಸರು. ಬಿನೋದಿನಿಯ ಬದುಕಿನಲ್ಲಿ ಒಳ್ಳೆಯದೂ ಕೆಟ್ಟದ್ದೂ ಬಹುಮಟ್ಟಿಗೆ ಈ ಒಬ್ಬರಿಂದಲೇ ಬಂತು. ಅವರು ಬಾಯಿಪಾಠ ಮಾಡಿಸುವ ಗುರುವಲ್ಲ. ಪಾತ್ರದ ಒಳಗೇನಿದೆ ಎಂದು ಮೊದಲು ವಿವರಿಸುತ್ತಿದ್ದರು. ಶೇಕ್ಸ್‌ಪಿಯರ್, ಮಿಲ್ಟನ್ ಓದಿ ಅದರ ಅರ್ಥವನ್ನು ಬಂಗಾಳಿಯಲ್ಲಿ ಹೇಳುತ್ತಿದ್ದರು. ವಿಲಾಯತಿಯ ನಟಿಯರ ವಿಚಾರ ತಿಳಿಸುತ್ತಿದ್ದರು, ಕಲ್ಕತ್ತೆಗೆ ಬಂದ ಇಂಗ್ಲಿಷ್ ನಾಟಕಗಳಿಗೆ ಕಳಿಸಿ ನೋಡಿಬಂದದ್ದರ ಬಗ್ಗೆ ಅಭಿಪ್ರಾಯ ಕೇಳುತ್ತಿದ್ದರು. ಶಾಲೆಯ ಓದು ಹೆಚ್ಚಿಲ್ಲದ ಹುಡುಗಿಗೆ ತಾಲೀಮಿನ ಕೋಣೆಯೇ ಕಾಲೇಜಾಯಿತು. ಇದನ್ನು ಬಿನೋದಿನಿ ಎಲ್ಲೂ ಅಲ್ಲಗಳೆದಿಲ್ಲ. ಗುರುವಿನ ಮೇಲೆ ಆಕೆಗಿದ್ದ ದೂರು ದೊಡ್ಡದು. ಆದರೂ ಪುಸ್ತಕದ ತುಂಬ ಗುರುವಿನ ಋಣ ನೆನೆಯುತ್ತಲೇ ಆ ದೂರು ಹೇಳುತ್ತಾರೆ.

ಈಗ ಜಗಳಕ್ಕೆ ಬರೋಣ. ನ್ಯಾಷನಲ್ ಥಿಯೇಟರನ್ನು ಪ್ರತಾಪ್‌ಚಂದ್ ಜಹುರಿ ಎಂಬ ಮಾರವಾಡಿ ವ್ಯಾಪಾರಿ ಕೊಂಡರು. ಲೆಕ್ಕಪತ್ರ, ಶಿಸ್ತು ಎಲ್ಲ ಬಿಗಿಯಾಯಿತು. ಇಂಗ್ಲಿಷರ ಕಂಪನಿಯೊಂದರ ನೌಕರಿ ಬಿಟ್ಟು ಗಿರೀಶರು ವ್ಯವಸ್ಥಾಪಕರಾಗಿ ಬಂದರು. ಪುರಾಣದ ಕಥೆಗಳ ನಾಟಕಗಳು ಒಂದರ ಮೇಲೊಂದು ಗೆದ್ದವು. ಅಷ್ಟರಲ್ಲಿ ಬಿನೋದಿನಿ ಹದಿನೈದು ದಿನದ ರಜೆ ಹಾಕಿ ಕಾಶಿಗೆ ಹೋದರು. ಅಲ್ಲಿ ಕಾಯಿಲೆ ಬಿದ್ದು ಮರಳಿ ಬರುವಾಗ ಒಂದು ತಿಂಗಳಾಗಿತ್ತು. ರಜೆಯ ಸಂಬಳ ಕೊಡುವುದಿಲ್ಲವೆಂದು ಯಜಮಾನರು ಹೇಳಿದರು. ಆಕೆ ಎದ್ದು ಹೊರಟೇಬಿಟ್ಟರು. ಅಂದಿನ ನಾಟಕ ಕಂಪನಿಗಳಲ್ಲಿ ಎಷ್ಟೋ ಒಡಕು ಇಂಥ ಸಣ್ಣ ಲೆಕ್ಕದಿಂದಲೇ ಶುರುವಾಗುತ್ತಿತ್ತು. ಗಿರೀಶರಿಗೂ ಉಳಿದ ನಟರಿಗೂ ಯಜಮಾನರೊಂದಿಗೆ ಮೊದಲೇ ಅಸಮಾಧಾನವಿತ್ತು. ಇನ್ನೊಬ್ಬರ ಕೈಕೆಳಗೆ ದುಡಿಯುವ ಬದಲು ನಮ್ಮದೇ ಒಂದು ಥಿಯೇಟರ್ ಕಟ್ಟೋಣ ಎಂಬ ಮಾತು ಎದ್ದಿತು. ಆದರೆ ದುಡ್ಡು?

ದುಡ್ಡು ತಂದವರು ಗುರ್ಮುಖ್ ರಾಯ್ ಎಂಬ ಇನ್ನೂ ಎಳೆಯ ಪ್ರಾಯದ ಶ್ರೀಮಂತ. ಅವರ ಷರತ್ತು ಒಂದೇ, ಬಿನೋದಿನಿ ತಮ್ಮ ಆಶ್ರಯಕ್ಕೆ ಬರಬೇಕು. ಆಕೆ ಆಗ ಜಮೀನ್ದಾರಿ ಮನೆತನದ ಮತ್ತೊಬ್ಬ ಯುವಕನ ಆಶ್ರಯದಲ್ಲಿದ್ದರು. ಅವನೋ ಕೊಟ್ಟ ಮಾತು ಮುರಿದು ಊರಿಗೆ ಹೋಗಿ ಮದುವೆಯಾಗಿ ಬಂದಿದ್ದ. ಆದರೂ ಆ ಸಂಬಂಧ ಕಡಿದುಕೊಳ್ಳಲು ಆಕೆಗೆ ಮನಸ್ಸು ಒಪ್ಪಲಿಲ್ಲ. ಕಂಪನಿಯವರು ದಿನವೂ ಬಂದು ಬೇಡಿದರು. ನೀನು ಒಪ್ಪಿದರೆ ಎಲ್ಲರಿಗೂ ನೆಲೆಯಾಗುತ್ತದೆ, ಇಲ್ಲವಾದರೆ ಎಲ್ಲರೂ ಬೀದಿಪಾಲು ಎಂಬ ಧಾಟಿ. ಕೊನೆಗೆ ಆಕೆ ಒಪ್ಪಿದರು. ಸುದ್ದಿ ತಿಳಿದ ಜಮೀನ್ದಾರ ಒಂದು ಬೆಳಿಗ್ಗೆ ಕತ್ತಿ ಹಿಡಿದು ಕೋಣೆಗೆ ನುಗ್ಗಿದ. ಆಕೆ ಬಾಗಿ ತಪ್ಪಿಸಿಕೊಂಡರು. ಏಟು ಹಾರ್ಮೋನಿಯಂ ಮೇಲೆ ಬಿತ್ತು.

ನಡುವೆ ಗುರ್ಮುಖ್ ರಾಯರ ಮನಸ್ಸೂ ತೂಗಾಡಿತು. ಥಿಯೇಟರ್ ಗೀಟರ್ ಯಾಕೆ, ಐವತ್ತು ಸಾವಿರ ರೂಪಾಯಿ ಒಟ್ಟಿಗೇ ಕೊಡುತ್ತೇನೆ, ನಾಟಕ ಬಿಟ್ಟುಬಿಡು ಎಂದರು. ಹತ್ತು ರೂಪಾಯಿ ಸಂಬಳದಿಂದ ಶುರುಮಾಡಿದವರಿಗೆ 1883ರ ಐವತ್ತು ಸಾವಿರ ಎಂದರೆ ಏನೆಂದು ಲೆಕ್ಕ ಹಾಕಿ. ಆಕೆ ಬೇಡವೆಂದರು. ಥಿಯೇಟರ್ ಕಟ್ಟಿಸಿಕೊಟ್ಟರೆ ಸರಿ, ಇಲ್ಲವಾದರೆ ಏನೂ ಬೇಡ ಎಂದು ಕುಳಿತರು. ಈ ಒಂದು ಜಾಗದಲ್ಲಿ ಯಾರ ಒತ್ತಾಯವೂ ಇರಲಿಲ್ಲ, ತೀರ್ಮಾನ ಆಕೆಯದೇ. ಬಿನೋದಿನಿಯನ್ನು ಬರೀ ಮೋಸಹೋದ ಹೆಣ್ಣು ಎಂದು ಮರುಗುವವರು ಇದನ್ನು ಮರೆಯುತ್ತಾರೆ.

ಬೀಡನ್ ಸ್ಟ್ರೀಟಿನ 68ನೇ ನಂಬರಿನ ಜಾಗ ಗುತ್ತಿಗೆಗೆ ಸಿಕ್ಕಿತು. ಕೆಲಸ ಶುರುವಾಯಿತು. ಮಧ್ಯಾಹ್ನ ತಾಲೀಮು, ತಾಲೀಮು ಮುಗಿದ ಮೇಲೆ ಕಟ್ಟಡದ ಕಡೆ. ಕೂಲಿಯವರ ಕೆಲಸ ಬೇಗ ಸಾಗಲೆಂದು ಬಿನೋದಿನಿ ತಾವೇ ಮಣ್ಣಿನ ಬುಟ್ಟಿ ಹೊತ್ತು ಹಳ್ಳ ತುಂಬಿಸಿದರು. ಬಂಗಾಳದಲ್ಲೇ ಹೆಸರಾದ ನಟಿ ತಲೆಯ ಮೇಲೆ ಮಣ್ಣು ಹೊರುತ್ತಿದ್ದಾರೆ! ಕಂಪನಿಯವರು ಹೇಳಿದ್ದ ಒಂದು ಮಾತು ಆ ಹುರುಪಿಗೆ ಕಾರಣ. ಥಿಯೇಟರಿಗೆ ಆಕೆಯ ಹೆಸರಿನ ಮೊದಲ ಅಕ್ಷರ ಸೇರಿಸಿ ಬಿ ಥಿಯೇಟರ್ ಎಂದಿಡುತ್ತೇವೆ, ನೀನು ಸತ್ತ ಮೇಲೂ ಹೆಸರು ಉಳಿಯುತ್ತದೆ ಎಂದಿದ್ದರು.

ನೋಂದಣಿಗೆ ಹೋದವರು ಹಿಂತಿರುಗಿದಾಗ ಆಕೆ ಕಾತರದಿಂದ ಹೆಸರು ಕೇಳಿದರು. ಸ್ಟಾರ್ ಎಂಬ ಉತ್ತರ ಬಂತು. ಕೇಳಿ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ ಎಂದು ಆಕೆ ಬರೆದುಕೊಂಡಿದ್ದಾರೆ. ಹೀಗೆ ಮಾಡಿದ್ದೇಕೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ನಟಿಯೊಬ್ಬಳ, ಅದೂ ಇಂಥ ಓಣಿಯಿಂದ ಬಂದವಳ ಹೆಸರಿನ ಕಟ್ಟಡಕ್ಕೆ ಮರ್ಯಾದಸ್ಥರು ಬರುವುದಿಲ್ಲ ಎಂಬ ಅಂಜಿಕೆ ಅದು. ಆಕೆಯ ಬಲಿದಾನ ಅವರಿಗೆ ಬೇಕಿತ್ತು, ಹೆಸರು ಬೇಕಿರಲಿಲ್ಲ. ಇಷ್ಟಕ್ಕೇ ಮುಗಿಯಲಿಲ್ಲ. ಸಂಬಳದ ನಟಿಯಾಗಿಯೂ ಆಕೆ ಇರದಂತೆ ಮಾಡಲು ಕೆಲವರು ಹೊಂಚಿದರು. ಎರಡು ತಿಂಗಳ ಕಾಲ ಮನೆಯಲ್ಲಿ ಕೂರಬೇಕಾಯಿತು. ಯಜಮಾನರಾದ ಗುರ್ಮುಖ್ ರಾಯರೇ ಪಟ್ಟುಹಿಡಿದ ಮೇಲೆ, ಗಿರೀಶರೂ ಮುಂದೆ ನಿಂತ ಮೇಲೆ ಆಕೆಗೆ ಮತ್ತೆ ಜಾಗ ಸಿಕ್ಕಿತು.

ಕೆಲವೇ ತಿಂಗಳಲ್ಲಿ ಗುರ್ಮುಖ್ ರಾಯರಿಗೆ ಆರೋಗ್ಯ ಕೆಟ್ಟಿತು, ಮನೆಯವರ ಒತ್ತಡವೂ ಹೆಚ್ಚಾಯಿತು. ಥಿಯೇಟರ್ ಬಿಟ್ಟುಕೊಡುವಾಗ ಅದರಲ್ಲಿ ಬಿನೋದಿನಿಗೂ ಪಾಲು ಇರಬೇಕೆಂದು ಅವರ ಆಸೆ. ಇಲ್ಲಿ ಅಡ್ಡ ಬಂದವರು ಗುರುಗಳೇ. ಹೆಣ್ಣುಮಕ್ಕಳಿಗೆ ಯಾಜಮಾನ್ಯದ ತಲೆನೋವು ಯಾಕೆ, ಅಭಿನಯ ಮಾಡಿಕೊಂಡಿದ್ದರೆ ಸಾಲದೇ ಎಂದು ಗಿರೀಶರು ಆಕೆಯ ತಾಯಿಯನ್ನು ಒಪ್ಪಿಸಿದರು. ಹನ್ನೊಂದು ಸಾವಿರ ರೂಪಾಯಿಗೆ ಥಿಯೇಟರ್ ನಾಲ್ವರ ಕೈ ಸೇರಿತು: ಅಮೃತಲಾಲ್ ಮಿತ್ರ, ಅಮೃತಲಾಲ್ ಬಸು, ಹರಿಪ್ರಸಾದ್ ಬಸು, ದಾಸುಚರಣ್ ನಿಯೋಗಿ. ಬಿನೋದಿನಿಯ ಹೆಸರು ಕಟ್ಟಡದ ಮೇಲೂ ಇಲ್ಲ, ಪತ್ರದಲ್ಲೂ ಇಲ್ಲ. ಗಿರೀಶರು ತಮಗೂ ಪಾಲು ತೆಗೆದುಕೊಳ್ಳಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.

ಇಷ್ಟೆಲ್ಲ ಆದ ಮೇಲೂ ಆಕೆಯ ಅತ್ಯುತ್ತಮ ಅಭಿನಯ ಅದೇ ರಂಗದ ಮೇಲೆ ನಡೆಯಿತು. 1884ರ ಆಗಸ್ಟಿನಲ್ಲಿ ಗಿರೀಶರ ‘ಚೈತನ್ಯ ಲೀಲಾ’ ಆರಂಭವಾಯಿತು. (ನಮ್ಮ ಗುಬ್ಬಿ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ.) ಸಂತ ಚೈತನ್ಯನ ಪಾತ್ರ ಬಿನೋದಿನಿಯದು. ಗಂಡು ಪಾತ್ರ, ಅದೂ ಜನ ಪೂಜಿಸುವ ಸಂತನದು. ಅಲ್ಲಿಯವರೆಗೆ ಥಿಯೇಟರಿನ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದವರೂ ನೋಡಲು ಬಂದರು. ಸೆಪ್ಟೆಂಬರ್ 21ರಂದು ರಾಮಕೃಷ್ಣ ಪರಮಹಂಸರು ಬಂದು ಆಟ ನೋಡಿ, ನಟಿಯ ತಲೆಯ ಮೇಲೆ ಕೈಯಿಟ್ಟು ಹರಸಿದರು. ಊರೆಲ್ಲ ಕೀಳೆಂದವಳನ್ನು ಅವರು ಮಗಳಂತೆ ಕಂಡದ್ದು ಆಕೆಗೆ ಕೊನೆಯವರೆಗೂ ಆಧಾರವಾಯಿತು. ಮರುವರ್ಷ ಅವರು ಕಾಯಿಲೆಯಿಂದ ಮಲಗಿದ್ದಾಗ ಶಿಷ್ಯರು ಹೊರಗಿನವರನ್ನು ಬಿಡುತ್ತಿರಲಿಲ್ಲ. ಬಿನೋದಿನಿ ಕೋಟು ಟೋಪಿ ತೊಟ್ಟು ಸಾಹೇಬನ ವೇಷದಲ್ಲಿ ಒಳಗೆ ಹೋದರು. ವೇಷ ಹಾಕುವ ವಿದ್ಯೆ ಅಲ್ಲೂ ಕೈಬಿಡಲಿಲ್ಲ.

1887ರ ಆರಂಭದಲ್ಲಿ ಆಕೆ ರಂಗ ಬಿಟ್ಟರು. ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಮತ್ತೆ ಮರಳಲಿಲ್ಲ. ಕಾರಣಗಳನ್ನು ಆಕೆ ಬಿಡಿಸಿ ಹೇಳುವುದಿಲ್ಲ. ಒಳಗಿನವರ ವಂಚನೆ, ಮನಸ್ತಾಪ ಎಂದು ಸೂಚಿಸಿ ಮುಂದೆ ಹೋಗುತ್ತಾರೆ.

ಮುಂದಿನ ಇಪ್ಪತ್ತೈದು ವರ್ಷ ಆಕೆ ಒಬ್ಬ ಗಣ್ಯ ವ್ಯಕ್ತಿಯ ಜೊತೆ ಸಂಸಾರದಂತೆಯೇ ಬದುಕಿದರು. ಅವರ ಹೆಸರನ್ನು ಪುಸ್ತಕದಲ್ಲಿ ಎಲ್ಲೂ ಹೇಳಿಲ್ಲ. ಒಬ್ಬಳು ಮಗಳು, ಶಕುಂತಲಾ. ಆ ಮಗುವನ್ನು ಶಾಲೆಗೆ ಸೇರಿಸಲು ತಾಯಿ ಪಟ್ಟ ಪಾಡು ಪುಸ್ತಕದ ಅತ್ಯಂತ ನೋವಿನ ಭಾಗಗಳಲ್ಲಿ ಒಂದು. ತಾಯಿ ಯಾರೆಂದು ತಿಳಿದ ಕೂಡಲೇ ಶಾಲೆಯ ಬಾಗಿಲು ಮುಚ್ಚುತ್ತಿತ್ತು. ಗೆಳೆಯರೆಂದು ನಂಬಿದವರೇ ಅಡ್ಡಗಾಲು ಹಾಕಿದರು. ಅಷ್ಟೆಲ್ಲ ಚಪ್ಪಾಳೆ ಪಡೆದ ತಾಯಿಗೆ ಮಗಳಿಗೊಂದು ತರಗತಿಯಲ್ಲಿ ಬೆಂಚು ಸಿಗಲಿಲ್ಲ. ದಿನವೂ ಹಾಜರಿ ಕೂಗಿಸಿಕೊಳ್ಳುವ ನಮಗೆ ಆ ಬೆಂಚಿನ ಬೆಲೆ ಅಷ್ಟಾಗಿ ಗೊತ್ತಾಗುವುದಿಲ್ಲ. ಶಕುಂತಲಾ 1904ರಲ್ಲಿ, ಹದಿಮೂರರ ಆಸುಪಾಸಿನಲ್ಲಿ ತೀರಿಕೊಂಡಳು.

ಬಿನೋದಿನಿ ಮೊದಲು ಬರೆದದ್ದು ಕವಿತೆ. 1896ರಲ್ಲಿ ‘ಬಾಸನಾ’ ಎಂಬ ಸಂಕಲನ ಬಂತು. ಮಗಳು ಹೋದ ಮೇಲೆ ಆತ್ಮಕಥೆಯ ಕಡೆ ತಿರುಗಿದರು. ಬರೆದದ್ದನ್ನು ಗುರು ಗಿರೀಶರಿಗೆ ತೋರಿಸಿ ಮುನ್ನುಡಿ ಕೇಳಿದರು. ಗಿರೀಶರು ಬರೆದರು. ಶಿಷ್ಯೆಯ ಪ್ರತಿಭೆಯನ್ನು ಮನಸಾರೆ ಹೊಗಳಿದರು. ಸ್ಟಾರ್ ಕಟ್ಟಿದ ದಿನಗಳ ಒಳಗಿನ ಸಂಗತಿಗಳನ್ನು ಮಾತ್ರ ಪೂರ್ತಿ ಹೇಳಲಿಲ್ಲ. ಸಮಾಜದ ಮೇಲೆ ಆಕೆ ಹೊರಿಸಿದ ಆರೋಪ ಸ್ವಲ್ಪ ಕಟುವಾಯಿತು ಎಂಬ ಆಕ್ಷೇಪವನ್ನೂ ಸೇರಿಸಿದರು.

ಆಕೆ ಆ ಮುನ್ನುಡಿಯನ್ನು ಒಪ್ಪಲಿಲ್ಲ. ನಿಜವಾದ ಎಷ್ಟೋ ವಿಷಯ ಇದರಲ್ಲಿ ಬಂದಿಲ್ಲ ಎಂದು ಗುರುವಿಗೇ ಹೇಳಿದರು. ಗಿರೀಶ್‌ಚಂದ್ರ ಘೋಷರಂಥವರ ಮುನ್ನುಡಿ ಸಿಕ್ಕರೆ ಸಾಕೆಂದು ಲೇಖಕರು ಕಾಯುತ್ತಿದ್ದ ಕಾಲದಲ್ಲಿ, ಒಬ್ಬ ನಿವೃತ್ತ ನಟಿ ಅದನ್ನು ಹಿಂದಿರುಗಿಸಿದರು. ಬೇರೆ ಬರೆದುಕೊಡುತ್ತೇನೆ, ಬರೆಯದೆ ಸಾಯುವುದಿಲ್ಲ ಎಂದು ಗಿರೀಶರು ಮಾತು ಕೊಟ್ಟರು. ಆ ಮಾತು ನಡೆಯಲಿಲ್ಲ. 1912ರ ಫೆಬ್ರವರಿಯಲ್ಲಿ ಅವರು ತೀರಿಹೋದರು. ಅದೇ ವರ್ಷ ಆಕೆಯ ಬಾಳಿನ ಆಸರೆಯಾಗಿದ್ದ ವ್ಯಕ್ತಿಯೂ ಹೋದರು. ಅದೇ ವರ್ಷ ಪುಸ್ತಕ ಬಂತು. 1913ರ ಎರಡನೆಯ ಮುದ್ರಣದಲ್ಲಿ, ತಾವು ಬೇಡವೆಂದಿದ್ದ ಮುನ್ನುಡಿಯನ್ನು ಆಕೆ ಹಾಗೇ ಅಚ್ಚುಹಾಕಿಸಿದರು. ಯಾಕೆ ಬೇಡವೆಂದಿದ್ದೆ ಎಂಬುದನ್ನೂ ಪಕ್ಕದಲ್ಲಿ ಬರೆದರು. ಗುರು ಹೇಳಿದ್ದೂ ಉಳಿಯಿತು, ಶಿಷ್ಯೆಯ ತಕರಾರೂ ಉಳಿಯಿತು. ಓದುವವರು ಎರಡನ್ನೂ ಎದುರಿಗಿಟ್ಟುಕೊಂಡು ತೂಗಬಹುದು.

1924-25ರಲ್ಲಿ ‘ರೂಪ್ ಓ ರಂಗ’ ಎಂಬ ಪತ್ರಿಕೆಗೆ ತಮ್ಮ ನಟನ ಜೀವನದ ನೆನಪುಗಳನ್ನು ಮತ್ತೆ ಬರೆಯತೊಡಗಿದರು. ಈ ಸಲ ದೂರು ಕಡಿಮೆ. ಬಾಲ್ಯದ ರಂಗ, ಪ್ರವಾಸ, ಉಡುಗೆ, ಜೊತೆಯ ನಟಿಯರು ಇವನ್ನೆಲ್ಲ ಹಗುರವಾಗಿ ನೆನೆದಿದ್ದಾರೆ. ಅದು ಅರ್ಧಕ್ಕೇ ನಿಂತಿತು. 1941ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡರು.

ಬೀಡನ್ ಸ್ಟ್ರೀಟಿನ ಕಟ್ಟಡ ಸ್ಟಾರ್ ಕಂಪನಿಯವರ ಕೈಯಲ್ಲೂ ಹೆಚ್ಚು ದಿನ ಉಳಿಯಲಿಲ್ಲ. ಬಿನೋದಿನಿ ರಂಗ ಬಿಟ್ಟ ವರ್ಷವೇ ಅದನ್ನು ಇನ್ನೊಬ್ಬ ಸಿರಿವಂತರು ಕೊಂಡು ಎಮರಾಲ್ಡ್ ಥಿಯೇಟರ್ ಎಂದು ಹೆಸರಿಟ್ಟರು. ಕಂಪನಿಯವರು ಸ್ಟಾರ್ ಎಂಬ ಹೆಸರನ್ನು ಬಿಟ್ಟುಕೊಡದೆ ಹಾತಿಬಾಗಾನಿಗೆ ತೆಗೆದುಕೊಂಡು ಹೋಗಿ 1888ರಲ್ಲಿ ಹೊಸ ನಾಟಕಶಾಲೆ ಕಟ್ಟಿದರು. ಆ ಸ್ಟಾರ್ 1991ರಲ್ಲಿ ಬೆಂಕಿಗೆ ಸಿಕ್ಕಿ, ಮುಂದೆ ಮತ್ತೆ ಎದ್ದು ನಿಂತಿತು. 2024ರ ಡಿಸೆಂಬರ್ ಕೊನೆಯಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಅದಕ್ಕೆ ಬಿನೋದಿನಿಯ ಹೆಸರಿಡುವುದಾಗಿ ಘೋಷಿಸಿದರು. ಆಕೆ ಮಣ್ಣು ಹೊತ್ತದ್ದು ಆ ಕಟ್ಟಡಕ್ಕಲ್ಲ. ಅಲ್ಲಿ ಆಕೆ ಒಂದು ದಿನವೂ ಅಭಿನಯಿಸಿದವರಲ್ಲ.